ಅಕ್ಕ ಮಾತಾಡಿದ ಸಂಜೆ

ಅಕ್ಕ ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಟೀಚರು. ತಂಗಿ ಮನೆ ಮಾರಿಸಿಕೊಡುವ ಏಜೆಂಟು. ಅಕ್ಕನಿಗೆ ಮದುವೆಯಾಗಿರಲಿಲ್ಲ, ಶಾಲೆಯ ಹತ್ತಿರದ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಕೊಂಡುಕೊಂಡು ಒಬ್ಬಳೇ ಇದ್ದಳು. ತಂಗಿಗೆ ಗಂಡನಿದ್ದ, ಕಾರಿತ್ತು, ಅಡುಗೆಮನೆಯ ಗೋಡೆಗೆ ದೊಡ್ಡದೊಂದು ಕ್ಯಾಲೆಂಡರಿತ್ತು. ಆ ಕ್ಯಾಲೆಂಡರಿನ ಚೌಕಗಳಲ್ಲಿ ಎಳ್ಳು ಹಾಕಿದರೆ ಎಳ್ಳು ಬೀಳುವಷ್ಟು ಜಾಗವಿರುತ್ತಿರಲಿಲ್ಲ. ಒಬ್ಬರ ನಿಶ್ಚಿತಾರ್ಥ, ಇನ್ನೊಬ್ಬರ ಹೊಸ ಮನೆಯ ಊಟ, ಬ್ಯಾಂಕ್ ಮ್ಯಾನೇಜರರ ಬೀಳ್ಕೊಡುಗೆ, ವಕೀಲರ ಹೆಂಡತಿ ಬಿಡಿಸಿದ ಚಿತ್ರಗಳ ಪ್ರದರ್ಶನ, ಯಾರದೋ ನಾಯಿಮರಿಯ ಹುಟ್ಟುಹಬ್ಬ ಕೂಡ.

"ಮುಖ ಕಾಣಿಸ್ತಿದ್ರೆ ತಾನೇ ಮನೆ ಮಾರೋವಾಗ ನನ್ನ ನೆನಪಾಗೋದು?" ಎನ್ನುತ್ತಿದ್ದಳು ತಂಗಿ. ಅದು ಸುಳ್ಳೂ ಆಗಿರಲಿಲ್ಲ. ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅವಳು ಎಷ್ಟೋ ಮನೆಗಳನ್ನು ಮಾರಿದ್ದಳು. ಅವಳ ಗಂಡ ಆಡಿಟರು; ಮಿತಭಾಷಿ. ಹೆಂಡತಿಗೆ ಅವನು ಇಟ್ಟ ಹೆಸರು ಗಿರಗಿಟ್ಲೆ. "ಬೇರೆ ಗಿರಗಿಟ್ಲೆಗೆ ಗಾಳಿ ಬೇಕು, ನಮ್ಮನೇದಕ್ಕೆ ಒಂದು ಆಮಂತ್ರಣ ಪತ್ರಿಕೆ ಸಾಕು" ಎಂದು ಅವನು ಹೇಳಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅವಳೇ. ಮಾತಾಡಲು ಶುರುಮಾಡಿದರೆ ಅರಳು ಹುರಿದ ಹಾಗೆ. ಎದುರಿಗಿದ್ದವರು ಹೂಂ ಎನ್ನುವುದಕ್ಕೂ ಸಂದು ಸಿಗುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಅವಳು ಒಂದು ಕೈಯಲ್ಲಿ ತಲೆ ಬಾಚಿಕೊಳ್ಳುತ್ತ ಇನ್ನೊಂದರಲ್ಲಿ ಚಹಾ ಹಿಡಿದಿದ್ದಾಗ ಅಕ್ಕನ ಫೋನು ಬಂತು.

"ಪುಟ್ಟಿ, ಮುಂದಿನ ಗುರುವಾರ ಸಂಜೆ ಬಿಡುವು ಮಾಡ್ಕೋತೀಯಾ? ಲೈಬ್ರರೀಲಿ ನಾನು ಮಾತಾಡ್ತಾ ಇದೀನಿ."

"ನೀನಾ? ಭಾಷಣಾನಾ?"

"ಭಾಷಣ ಅಂದ್ರೆ ದೊಡ್ಡ ಮಾತಾಯ್ತು. ಅವರು ತಿಂಗಳಿಗೊಂದು ಸಂಜೆ ಯಾರನ್ನಾದ್ರೂ ಕರೆಸಿ ಮಾತಾಡಿಸ್ತಾರೆ. ಈ ಸಲ ನಾನೇ ಕೇಳ್ಕೊಂಡೆ."

"ಏನು ವಿಷಯ?"

"ಮಾತು ಕಲಿಯೋದು ಹೇಗೆ ಅಂತ."

"ಅಯ್ಯೋ, ಅದನ್ನ ನಂಗೆ ಹೇಳ್ಕೊಡಬೇಕಾ? ಮಾತು ನಿಲ್ಲಿಸೋದು ಹೇಗೆ ಅಂತ ಇಟ್ಕೋ, ನಮ್ಮನೆಯವರು ದುಡ್ಡು ಕೊಟ್ಟು ಬಂದು ಕೂರ್ತಾರೆ."

ಅಕ್ಕ ನಕ್ಕಳು. ನಗು ಕೆಮ್ಮಾಗಿ ತಿರುಗಿತು. ಕೆಲವು ತಿಂಗಳಿಂದ ಅವಳ ಗಂಟಲು ಕಟ್ಟಿತ್ತು. ಒರಟು ಹಲಗೆಯ ಮೇಲೆ ಏನನ್ನೋ ಎಳೆದ ಹಾಗೆ ದನಿ ಹೊರಡುತ್ತಿತ್ತು. ದಿನವಿಡೀ ಮಕ್ಕಳ ಮುಂದೆ ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡಿದ್ದರು.

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸ್ದೆ."

"ಏನಂದ್ರು?"

"ನೋಡೋಣ ಅಂದ್ರು. ನೀನು ಬರ್ತೀಯಲ್ಲ?"

"ಬರ್ತೀನಿ ಅಂದ್ರೆ ಬರ್ತೀನಿ ಕಣೇ. ಮುಂದಿನ ಸಾಲಲ್ಲೇ ಕೂತು ಜೋರಾಗಿ ಚಪ್ಪಾಳೆ ಹೊಡೀತೀನಿ."

ಗುರುವಾರದ ಚೌಕದಲ್ಲಿ ಆಗಲೇ ಎರಡು ಕಾರ್ಯಕ್ರಮಗಳಿದ್ದವು. ಅವುಗಳ ನಡುವೆ ಸಣ್ಣ ಅಕ್ಷರದಲ್ಲಿ 'ಅಕ್ಕ' ಎಂದು ಬರೆದುಕೊಂಡಳು.

ಆ ಗುರುವಾರ ಅವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮೊದಲು ವಕೀಲರ ಹೆಂಡತಿಯ ಚಿತ್ರಪ್ರದರ್ಶನ; ಒಂದು ಸುತ್ತು ಹಾಕಿ, ನಾಲ್ಕು ಚಿತ್ರಗಳ ಮುಂದೆ ತಲೆ ಓರೆ ಮಾಡಿ ನಿಂತು, ಹೊರಟುಬಿಡುವುದು. ಆಮೇಲೆ ಲೈಬ್ರರಿ. ಅಲ್ಲಿಂದ ಬಿಲ್ಡರ್ ಒಬ್ಬರ ಮಗಳ ನಿಶ್ಚಿತಾರ್ಥದ ಊಟ. ಆದರೆ ಪ್ರದರ್ಶನದಲ್ಲಿ ಅವಳಿಗೆ ಒಬ್ಬ ಗಿರಣಿ ಮಾಲೀಕರು ಸಿಕ್ಕರು. ಅವರ ತೋಟದ ಬಂಗಲೆಯ ಮೇಲೆ ಊರಿನ ಎಲ್ಲ ಏಜೆಂಟರಿಗೂ ಕಣ್ಣಿತ್ತು. ಅವರಾಗಿಯೇ ಹತ್ತಿರ ಬಂದು, "ನೀವೇ ಅಲ್ವಾ ಮನೆ ಮಾರೋ ಮೇಡಮ್ಮು? ನಿಶ್ಚಿತಾರ್ಥಕ್ಕೆ ಬರ್ತಿದೀರಾ? ನಮ್ಮ ಕಾರಲ್ಲೇ ಬನ್ನಿ, ದಾರೀಲಿ ಮಾತಾಡೋಣ" ಎಂದರು.

ಮನೆಗೇ ನಡೆದು ಬಂದ ಅದೃಷ್ಟವನ್ನು ಬಾಗಿಲಲ್ಲಿ ನಿಲ್ಲಿಸಬಾರದು. ತಂಗಿ ತನ್ನ ಕಾರನ್ನು ಅಲ್ಲೇ ಬಿಟ್ಟು ಅವರ ಕಾರು ಹತ್ತಿದಳು. ಅವರ ಹೆಂಡತಿ ಮುಂದೆ ಕೂತು ಮೆಟ್ಟಿಲುಗಳಿಂದ ತಮ್ಮ ಮಂಡಿಗಾದ ಗತಿಯನ್ನು ವಿವರಿಸುತ್ತಿದ್ದರು. ದಾರಿ ಲೈಬ್ರರಿಯ ಬೀದಿಯಿಂದಲೇ ಹೋಯಿತು. ಮೇಲಿನ ಅಂತಸ್ತಿನ ಕಿಟಕಿಗಳಲ್ಲಿ ದೀಪ ಉರಿಯುತ್ತಿತ್ತು. ಕೂತವರ ಕೆಲವು ತಲೆಗಳು ಕಾಣಿಸಿದವು. 'ಒಂದು ನಿಮಿಷ ನಿಲ್ಲಿಸಿ' ಎನ್ನುವುದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಾಲೀಕರು ಬಂಗಲೆಗೆ ಏನು ಬೆಲೆ ಬರಬಹುದು ಎಂದು ಕೇಳಿದರು. ಕಿಟಕಿಗಳು ಹಿಂದೆ ಸರಿದವು.

ಅಕ್ಕ ತಾನೇ, ಬೇಜಾರು ಮಾಡಿಕೊಳ್ಳುವವಳಲ್ಲ, ಎಂದುಕೊಂಡಳು. 'ಸಿಕ್ಕಿಹಾಕ್ಕೊಂಡೆ ಕಣೇ, ಚೆನ್ನಾಗಿ ಮಾತಾಡು' ಎಂದು ಮೆಸೇಜು ಹಾಕಿ ಮಾತು ಮುಂದುವರಿಸಿದಳು.

ಮರುದಿನ ಬೆಳಿಗ್ಗೆ ತಂಗಿಯೇ ಫೋನು ಮಾಡಿದಳು. "ಬೈಯ್ಬೇಡ ಅಕ್ಕ. ಹೇಗಾಯ್ತು?"

"ಚೆನ್ನಾಗಾಯ್ತು." ದನಿ ಇನ್ನೂ ಒರಟಾಗಿತ್ತು, ಆದರೆ ಖುಷಿಯಾಗಿತ್ತು. "ಜನ ನಕ್ಕರು ಕಣೇ. ನಾನು ನಗಿಸ್ತೀನಿ ಅಂತ ನನಗೇ ಗೊತ್ತಿರಲಿಲ್ಲ."

"ಅಯ್ಯೋ, ತಪ್ಪಿಸ್ಕೊಂಡ್ನಲ್ಲ. ಭಾನುವಾರ ಮನೆಗೆ ಬರ್ತೀನಿ, ನಂಗೊಬ್ಬಳಿಗೇ ಇನ್ನೊಂದ್ಸಲ ಹೇಳು."

"ಭಾನುವಾರ ಆಗಲ್ಲ ಪುಟ್ಟಿ."

"ಯಾಕೆ, ನಿಂಗೂ ಕ್ಯಾಲೆಂಡರ್ ಬಂತಾ?"

"ಹೂಂ, ಬಂದಿದೆ." ಅಕ್ಕ ಕೆಮ್ಮಿ ದನಿ ಸರಿಮಾಡಿಕೊಂಡಳು. "ಈಗ ಬಿಡುವಿದ್ಯಾ? ಸ್ವಲ್ಪ ಹೊತ್ತು ಸಾಕು. ಒಂದೇ ಒಂದು ಹೇಳ್ತೀನಿ."

ತಂಗಿಯ ಫೋನಿನಲ್ಲಿ ಇನ್ನೊಂದು ಕರೆ ಟುಂಯ್ ಟುಂಯ್ ಎಂದು ಕಾಯುತ್ತಿತ್ತು. ಗಿರಣಿ ಮಾಲೀಕರದು.

"ಅಕ್ಕ, ಇನ್ನೊಂದು ಕಾಲ್ ಬರ್ತಿದೆ. ಆಮೇಲೆ ನಾನೇ ಮಾಡ್ಲಾ?"

"ಮಾಡು" ಎಂದಳು ಅಕ್ಕ.

ಆಮೇಲೆ ಬಂಗಲೆ ನೋಡಲು ಹೋಗಬೇಕಾಯಿತು. ಸಂಜೆ ಯಾರದೋ ಬೀಳ್ಕೊಡುಗೆ. ಶನಿವಾರ ಮದುವೆ. ಭಾನುವಾರ ಹೇಗೂ ಅಕ್ಕನಿಗೆ ಆಗುವುದಿಲ್ಲ. ತಂಗಿ ಫೋನು ಮಾಡಲೇ ಇಲ್ಲ.

ಸೋಮವಾರ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಲೈಬ್ರರಿಯವರು ಎಂದು ಹೇಳಿಕೊಂಡ ಆ ಮನುಷ್ಯನ ದನಿ ಪುಸ್ತಕಗಳ ನಡುವೆ ಇದ್ದೂ ಇದ್ದೂ ಮೆತ್ತಗಾದಂತಿತ್ತು. "ನಿಮ್ಮಕ್ಕ ಆಸ್ಪತ್ರೇಲಿದಾರೆ. ಒಳಗೆ ಕರ್ಕೊಂಡು ಹೋದ್ಮೇಲೆ ನಿಮಗೆ ಹೇಳಿ ಅಂದಿದ್ರು. ಈಗ ತಾನೇ ಕರ್ಕೊಂಡು ಹೋದರು."

ತಂಗಿ ಗಂಡನನ್ನು ಕರೆದುಕೊಂಡು ಓಡಿದಳು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಆ ಲೈಬ್ರರಿಯವರು ಕೂತಿದ್ದರು. ನಿವೃತ್ತಿಗೆ ಹತ್ತಿರವಾದ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಸಣಕಲು ಮನುಷ್ಯ. ಪಕ್ಕದಲ್ಲಿ ಅಕ್ಕನ ಚಪ್ಪಲಿಗಳಿದ್ದವು. ಅಕ್ಕನ ಗಂಟಲಲ್ಲಿ ಗಂಟಿದೆಯೆಂದೂ, ಅದು ಕೆಟ್ಟ ಜಾತಿಯದೆಂದೂ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿದೆಯೆಂದೂ, ಕುತ್ತಿಗೆಯಲ್ಲಿ ಮಾಡುವ ತೂತಿನಿಂದಲೇ ಇನ್ನು ಉಸಿರಾಟವೆಂದೂ ಅವರು ಒಂದೊಂದಾಗಿ ಹೇಳಿದರು.

"ಧ್ವನಿಪೆಟ್ಟಿಗೆ ತೆಗೆದ್ರೆ ಮಾತು?" ಎಂದು ಕೇಳಿದ ತಂಗಿಯ ಗಂಡ.

ಲೈಬ್ರರಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

ತಂಗಿಗೆ ಮೊದಲು ಬಂದದ್ದು ಸಿಟ್ಟು. "ನಂಗ್ಯಾಕೆ ಹೇಳ್ಲಿಲ್ಲ? ಒಡಹುಟ್ಟಿದವಳು ನಾನಿದ್ದು, ನಿಮಗೆ ಹೇಳಿದಾಳೆ ಅಂದ್ರೆ! ಆವತ್ತು ಲೈಬ್ರರೀಲಿ ಮಾತಾಡೋವಾಗ್ಲೇ ಗೊತ್ತಿತ್ತಾ ಅವಳಿಗೆ?"

"ಗೊತ್ತಿತ್ತಮ್ಮ. ಅದಕ್ಕೇ ಆ ಮಾತು. ಈ ತಿಂಗಳು ಬೇರೆಯವರದಿತ್ತು. ನಿಮ್ಮಕ್ಕ ಕೇಳ್ಕೊಂಡ್ರು, ಅವರಿಗೆ ಮುಂದಿನ ತಿಂಗಳು ಹಾಕ್ದೆ." ಅವರು ಸ್ವಲ್ಪ ಅನುಮಾನಿಸಿದರು. "ಮಾತೆಲ್ಲ ನಿಮ್ಮ ಮೇಲೇ ಇತ್ತಲ್ಲ."

"ನನ್ನ ಮೇಲಾ?"

ಅಲ್ಲಿ, ಆ ಬೆಂಚಿನ ಮೇಲೆ, ಪರಿಚಯವೇ ಇಲ್ಲದವರ ಬಾಯಿಂದ ತಂಗಿಗೆ ತನ್ನ ಬಾಲ್ಯದ ಕತೆ ಗೊತ್ತಾಯಿತು. ಅವಳು ಐದರ ಹತ್ತಿರ ಬರುವತನಕ ಒಂದು ಮಾತನ್ನೂ ಆಡಿರಲಿಲ್ಲ. ಕಿವಿ ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು, ಅಳುವುದಕ್ಕೂ ಕೊರತೆಯಿರಲಿಲ್ಲ. ಮಾತು ಮಾತ್ರ ಇಲ್ಲ. ಅಪ್ಪ ಅಮ್ಮ ತೋರಿಸದ ಡಾಕ್ಟರಿಲ್ಲ. ಕೊನೆಗೆ ಮೂಗಿಯೇ ಎಂದು ಕೈಚೆಲ್ಲಿದರು. ಕೈಚೆಲ್ಲದವಳು ಆಗ ಶಾಲೆಗೆ ಹೋಗುತ್ತಿದ್ದ ಅಕ್ಕ ಒಬ್ಬಳೇ. ಮನೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿ ಹಿಡಿದು ಮಾತಾಡುತ್ತಿದ್ದಳು, ಹಾಡುತ್ತಿದ್ದಳು, ನಾಯಿಯ ಹಾಗೆ ಗುರ್‌ಗುಡುತ್ತಿದ್ದಳು. ಗಂಟಲು ನಡುಗಿದರೆ ಮಗುವಿಗೆ ಖುಷಿ. ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಕೊನೆಗೆ ಒಂದು ದಿನ, ಅಕ್ಕ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಾಗ, ಮಗು ಅವಳನ್ನು ನೋಡಿ ಒಂದು ಸದ್ದು ಮಾಡಿತು.

"ಅಕ್ಕ ಅನ್ನೋದಕ್ಕೆ ನಿಮ್ಮ ಬಾಯಲ್ಲಿ ಬಂದಿದ್ದು ಅದು. ಆಮೇಲೆ ಸುಮಾರು ದಿನ ಅವರನ್ನ ಹಾಗೇ ಕರೀತಿದ್ರಂತೆ" ಎಂದರು ಲೈಬ್ರರಿಯವರು. "ಅದನ್ನ ನಿಮ್ಮಕ್ಕ ಮಾಡಿ ತೋರಿಸಿದ್ರು. ಎಲ್ರೂ ನಕ್ಕುಬಿಟ್ವಿ. ಆಮೇಲೆ ಅವರು ಇನ್ನೊಂದ್ಸಲ ಮಾಡಿದ್ರು. ಆಗ ಯಾರಿಗೂ ನಗು ಬರಲಿಲ್ಲ."

"ಏನದು? ಏನಂತ ಕರೀತಿದ್ದೆ?"

ಅವರು ಬಾಯಿ ತೆರೆದರು. ತುಟಿ ಒಂದು ಆಕಾರಕ್ಕೆ ಬಂತು, ಬದಲಾಯಿತು, ಮುಚ್ಚಿತು. "ನಂಗೆ... ಗೊತ್ತಿದೆ ಅಂದ್ಕೊಂಡಿದ್ದೆ" ಎಂದರು ನಾಚಿಕೊಂಡು. "ಕಿವೀಲಿದೆ, ಬಾಯಿಗೆ ಬರ್ತಾ ಇಲ್ಲ."

ಅಮ್ಮ ಈ ವಿಷಯ ಎಂದೂ ಬಾಯಿ ಬಿಟ್ಟಿರಲಿಲ್ಲ. ಒಂದು ಕಾಲಕ್ಕೆ ಮೂಗಿಯಾಗಿದ್ದಳು ಎಂದು ಗೊತ್ತಾದರೆ ನಾಳೆ ಮದುವೆಯ ಮಾತು ಬಂದಾಗ ತೊಂದರೆಯೆಂದು ಮುಚ್ಚಿಟ್ಟಿರಬೇಕು. ಮುಚ್ಚಿಟ್ಟ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ.

ಆಪರೇಷನ್ ಆದ ಮೇಲೆ ಕೆಲವು ದಿನ ಅಕ್ಕ ಕೊಳವೆಗಳ ನಡುವೆ ಕಣ್ಣು ಮುಚ್ಚಿಕೊಂಡೇ ಇದ್ದಳು. ತಂಗಿ ಆ ವಾರದ ಕಾರ್ಯಕ್ರಮಗಳನ್ನೆಲ್ಲ ಬಿಟ್ಟಳು. ಮಂಚದ ಪಕ್ಕದಲ್ಲಿ ಕೂತು ಅವಳು ಮಾತಾಡುತ್ತಲೇ ಇದ್ದಳು. ನರ್ಸು ಎರಡು ಸಲ ಬಂದು ರೋಗಿಗೆ ವಿಶ್ರಾಂತಿ ಬೇಕು ಎಂದು ಹೇಳಿಹೋದಳು. ಅಕ್ಕ ದಿಂಬಿಗೆ ಒರಗಿ ಕೂರುವಂತಾದಾಗ ಆಸ್ಪತ್ರೆಯವರು ಒಂದು ಬಿಳಿ ಹಲಗೆಯನ್ನೂ ಪೆನ್ನನ್ನೂ ಕೊಟ್ಟರು. ತಂಗಿ ಕೇಳಿದ ಮೊದಲ ಪ್ರಶ್ನೆ, "ಯಾಕೇ ಹೇಳ್ಲಿಲ್ಲ? ಹೇಳಿದ್ರೆ ಆಕಾಶ ತಲೆ ಮೇಲೆ ಬಿದ್ರೂ ಬರ್ತಿದ್ನಲ್ಲ!"

ಅಕ್ಕ ನಿಧಾನವಾಗಿ ಬರೆದಳು. 'ಹೇಳಿದ್ರೆ ನೀನು ಅಳ್ತಾ ಕೂರ್ತಿದ್ದೆ. ನೀನು ನಗಬೇಕಿತ್ತು.'

ತಂಗಿ ಅದನ್ನು ಓದಿ, ಹೇಳಿದಂತೆಯೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಸರಿ, ಆ ಸದ್ದು ಏನು ಅಂತ ಬರಿ" ಎಂದಳು.

ಅಕ್ಕ ಪೆನ್ನು ಹಿಡಿದು ಯೋಚಿಸಿದಳು. ಒಂದು ಅಕ್ಷರ ಬರೆದು ಅಳಿಸಿದಳು. ಇನ್ನೊಂದು ಬರೆದು ಅದರ ಕೆಳಗೆ ಒತ್ತಕ್ಷರ ಕೊಟ್ಟು, ತಲೆ ಅಲ್ಲಾಡಿಸಿ ಅದನ್ನೂ ಅಳಿಸಿದಳು. ಕೊನೆಗೆ ಬರೆದಳು: 'ಬರೆಯೋಕೆ ಬರಲ್ಲ. ಅಕ್ಷರದಲ್ಲಿಲ್ಲ ಅದು.'

"ನಾನೇ ಮಾಡ್ತೀನಿ, ಸರಿಯಾದ್ರೆ ಕೈ ಎತ್ತು." ತಂಗಿ ಮಂಚದ ಮೇಲೆ ಹತ್ತಿ ಕೂತಳು. "ಅಬ್ಬು? ಅಗ್ಗ? ಗ್ಗು?" ಅಕ್ಕ ತಲೆ ಅಲ್ಲಾಡಿಸಿದಳು. "ಉಂಗ? ಅಳ್ಳ?" ಪಕ್ಕದ ಮಂಚದ ಹೆಂಗಸು ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ಅಕ್ಕನ ಹೊಟ್ಟೆ ನಗುವಿನಿಂದ ಕುಲುಕಿತು. ಸದ್ದಿಲ್ಲ, ಕುತ್ತಿಗೆಯ ತೂತಿನಿಂದ ಬುಸ್ ಬುಸ್ ಎಂದು ಗಾಳಿ ಮಾತ್ರ. ತಂಗಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಮೂಗಿನಿಂದ ಎಳೆದು, ಏನೋ ಒಂದು ಸದ್ದು ಮಾಡಿದಾಗ ಅಕ್ಕನ ಕೈ ತಟ್ಟನೆ ಅರ್ಧ ಮೇಲೆದ್ದಿತು. ಕಣ್ಣು ಅಗಲವಾಯಿತು.

"ಇದಾ? ಇದೇನಾ?"

ಸ್ವಲ್ಪ ಹತ್ತಿರ, ಎಂದು ಅಕ್ಕ ಬೆರಳಿನಲ್ಲಿ ತೋರಿಸಿದಳು. ತಂಗಿ ಮತ್ತೆ ಮಾಡಿದಳು. ಈ ಸಲ ಬೇರೆಯಾಯಿತು. ಇನ್ನೊಮ್ಮೆ ಮಾಡಿದಳು, ಅದೂ ಬೇರೆ. ಮೊದಲು ಮಾಡಿದ್ದು ಹೇಗೆ ಎಂದು ಅವಳಿಗೇ ಮರೆತುಹೋಯಿತು. ಅಕ್ಕನಿಗೆ ಕೆಮ್ಮು ಬಂತು, ತೂತಿನಿಂದ ಕಫ ಬಂತು, ನರ್ಸು ಓಡಿಬಂದಳು. ಆಮೇಲೆ ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಯಂತ್ರವನ್ನೂ ಆಸ್ಪತ್ರೆಯವರು ಕೊಟ್ಟರು. ಅಕ್ಕ ಅದನ್ನು ಹಿಡಿದು ತುಟಿ ಆಡಿಸಿದರೆ ದುಂಬಿ ಡಬ್ಬಿಯಲ್ಲಿ ಸಿಕ್ಕಿಕೊಂಡಂಥ ದನಿ ಬರುತ್ತಿತ್ತು. 'ನೀರು', 'ಸಾಕು', 'ಕಿಟಕಿ' ಇಷ್ಟಕ್ಕೆ ಅದು ಆಗುತ್ತಿತ್ತು. ಆ ಸದ್ದಿಗೂ ಒಮ್ಮೆ ಪ್ರಯತ್ನಿಸಿದಳು. ಎಲ್ಲದರಂತೆ ಅದೂ ಗುಂಯ್ ಎಂದೇ ಬಂತು. ಅಕ್ಕ ಯಂತ್ರವನ್ನು ಡ್ರಾಯರಿಗೆ ಹಾಕಿದಳು.

ತಂಗಿ ಲೈಬ್ರರಿಗೆ ಹೋದಳು. ಅಕ್ಕ ಮಾತಾಡಿದ ದಿನ ಬಂದಿದ್ದವರು ಹೆಚ್ಚೇನಿಲ್ಲ. ಅವರಲ್ಲಿ ದಿನಾ ಬರುವವರನ್ನು ಲೈಬ್ರರಿಯವರು ಒಂದು ಮೇಜಿನ ಸುತ್ತ ಕೂರಿಸಿದ್ದರು. ಪೇಪರಿನಲ್ಲಿ ಕೆಲಸದ ಜಾಹೀರಾತು ಹುಡುಕುವ ಒಬ್ಬ ಹೆಂಗಸು. ನಿವೃತ್ತ ಬಸ್ ಡ್ರೈವರ್ ಒಬ್ಬರು, ಒಳ್ಳೆಯ ಕುರ್ಚಿಗಾಗಿ ಬರುವವರು. ಒಬ್ಬ ದರ್ಜಿ.

"ಎಮ್ಮೆ ಕರು ಕೂಗ್ದಂಗಿತ್ತು" ಎಂದರು ಡ್ರೈವರ್, ಮತ್ತು ಕೂಗಿ ತೋರಿಸಿದರು.

"ಅದಲ್ಲ ಯಜಮಾನ್ರೇ, ನೀವು ನಿದ್ದೆ ಹೊಡೀತಿದ್ರಿ. ಮೃದುವಾಗಿತ್ತು ಅದು. 'ಹ್ವಕ್' ಅನ್ನೋ ಥರ" ಎಂದಳು ಹೆಂಗಸು.

"ಎಲ್ಲಿ ಹ್ವಕ್ಕು? ಕೊನೇಲಿ ಎಳೆದಿದ್ರಲ್ಲ" ಎಂದ ದರ್ಜಿ.

ಮೂವರೂ ಮೂರು ಸದ್ದು ಮಾಡಿದರು. ಕೇಳುತ್ತ ಕೇಳುತ್ತ ಲೈಬ್ರರಿಯವರು, "ಈಗ ನನ್ನ ಕಿವೀಲಿದ್ದಿದ್ದೂ ಹೋಯ್ತು" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ಯಾರೂ ರೆಕಾರ್ಡ್ ಮಾಡಲಿಲ್ಲವೇ ಎಂದು ತಂಗಿ ಕೇಳಿದಳು. ದರ್ಜಿ ತನ್ನ ಫೋನು ತೆಗೆದ. ಅದರಲ್ಲಿ ಅಕ್ಕ ಎದ್ದು ನಿಂತು, ನೀರು ಕುಡಿದು, "ದಯವಿಟ್ಟು ಫೋನೆಲ್ಲ ಒಳಗಿಡ್ತೀರಾ? ನಂಗೆ ಮುಖಗಳು ಕಾಣಬೇಕು" ಎನ್ನುತ್ತಾಳೆ. ಚಿತ್ರ ಮೇಜಿನ ಕಡೆ ವಾಲಿ ನಿಂತುಹೋಗುತ್ತದೆ. ಕೊನೆಯಲ್ಲಿ ಒಂದು ಕ್ಷಣ ಮುಂದಿನ ಸಾಲು ಕಾಣುತ್ತದೆ. ಅಲ್ಲಿ ಒಂದು ಖಾಲಿ ಕುರ್ಚಿ, ಅದರ ಮೇಲೆ ಅಕ್ಕನ ಕೈಚೀಲ.

"ಯಾರೋ ಕೂರೋಕೆ ಹೋದ್ರು" ಎಂದಳು ಹೆಂಗಸು ತಗ್ಗಿದ ದನಿಯಲ್ಲಿ. "ಬರೋರಿದಾರೆ ಅಂದ್ರು ಟೀಚರು. ಮುಗಿಯೋವರ್ಗೂ ಅದನ್ನ ತೆಗೀಲಿಲ್ಲ."

ತಂಗಿಗೆ ಗೊತ್ತಿದ್ದದ್ದು ಒಂದೇ ಬಗೆಯ ಪ್ರಾಯಶ್ಚಿತ್ತ. ಅವಳು ಅಕ್ಕನಿಗೆ ಸನ್ಮಾನ ಸಮಾರಂಭ ಏರ್ಪಡಿಸಿದಳು. ಬಿಲ್ಡರ್ ಹಾಲ್ ಕೊಟ್ಟರು, ವಕೀಲರ ಹೆಂಡತಿ ವೇದಿಕೆ ಅಲಂಕರಿಸಿದರು, ಗಿರಣಿ ಮಾಲೀಕರು ಅಧ್ಯಕ್ಷರು. ಎಲ್ಲರಿಗೂ ಬಿಡುವಿರುವ ದಿನ ಹುಡುಕುವುದೇ ದೊಡ್ಡ ಪಾಡಾಯಿತು. ಅಕ್ಕ ಹಲಗೆಯ ಮೇಲೆ 'ಬೇಡ' ಎಂದು ಬರೆದಳು. ಮರುದಿನ ಇನ್ನೂ ದೊಡ್ಡದಾಗಿ ಬರೆದಳು.

"ಇದೊಂದಾದ್ರೂ ಮಾಡೋಕೆ ಬಿಡೇ. ಕೈ ಕಟ್ಕೊಂಡು ಕೂತ್ರೆ ನಂಗೆ ಹುಚ್ಚು ಹಿಡಿಯುತ್ತೆ" ಎಂದಳು ತಂಗಿ.

ಗಂಡ ಒಂದು ಮಾತು ಹೇಳಿ ನೋಡಿದ. "ಅವರಿಗೆ ಬೇಡವಾದ್ರೆ ಬಿಟ್ಟುಬಿಡಬಾರದಾ? ಇದು ಯಾರಿಗೋಸ್ಕರ?" ತಂಗಿ ಅವನ ಮೇಲೆ ಹರಿಹಾಯ್ದಳು. ಅವನು ಪೇಪರು ಅಡ್ಡ ಹಿಡಿದುಕೊಂಡ. ಅಕ್ಕನಿಗೆ ವಾದಿಸುವಷ್ಟು ಬರೆಯಲು ಕೈಯಲ್ಲಿ ಶಕ್ತಿಯಿರಲಿಲ್ಲ. ಒಪ್ಪಿದಳು.

ಹಾಲ್ ತುಂಬಿತ್ತು. ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿಕೊಂಡು ಅಕ್ಕ ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕೂತಿದ್ದಳು. ಅವಳ ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಅಧ್ಯಕ್ಷರು, "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆದರೆ ಈ ತಾಯಿ ಮೂಕರ ಬಾಯಿಗೆ ಮುತ್ತನ್ನೇ ಪೋಣಿಸಿದರು" ಎಂದಾಗ ಭಾರಿ ಚಪ್ಪಾಳೆ ಬಿತ್ತು. ಹಿಂದಿನ ಎರಡು ಸಾಲುಗಳಲ್ಲಿ ಮಾತ್ರ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಲ್ಲಿ ಕೂತಿದ್ದವರು ಅಕ್ಕನ ಹಳೆಯ ವಿದ್ಯಾರ್ಥಿಗಳು. ದೂರದೂರದಿಂದ, ಕೆಲವರು ತಮ್ಮ ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ತಂಗಿಯೇ ಅವರನ್ನು ಕರೆಸಿದ್ದಳು. ಆದರೆ ವೇದಿಕೆಯ ಮಾತನ್ನು ಕೈಭಾಷೆಯಲ್ಲಿ ಹೇಳುವವರೊಬ್ಬರು ಬೇಕು ಎಂದು ಅವಳಿಗಾಗಲಿ, ಅವಳ ಬಳಗದಲ್ಲಿ ಒಬ್ಬರಿಗಾಗಲಿ ಹೊಳೆದಿರಲಿಲ್ಲ. ಅಷ್ಟು ದೂರದಿಂದ ತುಟಿ ಓದಲೂ ಆಗುವುದಿಲ್ಲ. ಅವರು ಸುಮ್ಮನೆ, ಮರ್ಯಾದೆಯಿಂದ, ಬಾಯಿ ಆಡಿಸುವ ಜನರನ್ನು ನೋಡುತ್ತ ಕೂತಿದ್ದರು.

ನಾಲ್ಕನೆಯ ಭಾಷಣದ ನಡುವೆ ಅಕ್ಕ ಎದ್ದಳು. ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದು, ಹಿಂದಿನ ಸಾಲಿಗೆ ಹೋದಳು. ಅವರೆಲ್ಲ ಎದ್ದು ಸುತ್ತ ನಿಂತರು. ಅಕ್ಕನ ಕೈಗಳು ಆಡತೊಡಗಿದವು. ವಾದಿಸುವಷ್ಟು ಬರೆಯಲು ಶಕ್ತಿಯಿಲ್ಲದಿದ್ದ ಅದೇ ಕೈಗಳು. ಅವಳು ತನ್ನ ಗಂಟಲಿನ ಬಟ್ಟೆ ಸರಿಸಿ ತೋರಿಸಿದಳು, ಏನೋ ಹೇಳಿದಳು, ಒಬ್ಬ ಗಡ್ಡದವನು ಮುಖ ಮುಚ್ಚಿಕೊಂಡ. ಅಕ್ಕ ಅವನ ಬೆನ್ನಿಗೆ ಗುದ್ದಿ ಇನ್ನೇನೋ ಹೇಳಿದಳು, ಅವರೆಲ್ಲ ನಕ್ಕರು.

ತಂಗಿ ಮೈಕಿನಲ್ಲಿ, "ಅಕ್ಕ, ದಯವಿಟ್ಟು ವೇದಿಕೆಗೆ ಬಾ, ಫಲಕ ಕೊಡೋದಿದೆ" ಎಂದಳು. ಅಕ್ಕ ತಿರುಗಲಿಲ್ಲ. ತಂಗಿ ಕೆಳಗಿಳಿದು ಓಡುತ್ತ ಹೋಗಿ ಗುಂಪಿನ ಅಂಚಿನಲ್ಲಿ ನಿಂತಳು. "ಏನು ಹೇಳ್ತಿದಾಳೆ?" ಎಂದು ಪಕ್ಕದವಳನ್ನು ಕೇಳಿದಳು. ಅವಳು ತಂಗಿಯ ತುಟಿಯನ್ನೇ ನೋಡಿ, ಮುಗುಳ್ನಕ್ಕು, ತನಗೆ ತಿಳಿಯಲಿಲ್ಲವೆಂದು ಕೈಯಾಡಿಸಿದಳು. ಅರಳು ಹುರಿಯುವ ವೇಗದಲ್ಲಿ ಆಡಿದ ಮಾತು ತುಟಿ ಓದುವವರಿಗೆ ಸಿಗುವುದಿಲ್ಲ. ಅಕ್ಕನ ಜೊತೆ ಇಷ್ಟು ವರ್ಷ ಇದ್ದೂ ಆ ಕೈಮಾತಿನಲ್ಲಿ ಒಂದು ಪದವನ್ನೂ ತಂಗಿ ಕಲಿತಿರಲಿಲ್ಲ. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಡೆ ಹೋಗಬೇಕಿತ್ತು. ಫಲಕವನ್ನು ತಂಗಿಯೇ ಅಕ್ಕನ ಪರವಾಗಿ ತೆಗೆದುಕೊಂಡು ಫೋಟೋಗೆ ನಿಂತಳು.

ಆ ಗಂಟು ಮತ್ತೆ ಬಂತು. ಈ ಸಲ ಶ್ವಾಸಕೋಶದಲ್ಲಿ. ತಂಗಿ ಅಕ್ಕನನ್ನು ತನ್ನ ಮನೆಗೆ ಕರೆತಂದು, ಬೆಳಕಿರುವ ಕೋಣೆ ಬಿಟ್ಟುಕೊಟ್ಟು, ಸಂಜೆಗಳನ್ನೆಲ್ಲ ಖಾಲಿ ಮಾಡಿಕೊಂಡಳು. ಮೊದಲ ವಾರಗಳಲ್ಲಿ ಜನ ಫೋನು ಮಾಡಿದರು, ಆಮೇಲೆ ಮೆಸೇಜು ಹಾಕಿದರು, ಆಮೇಲೆ ಬೇರೆ ಏಜೆಂಟರನ್ನು ಕರೆದರು. ಕೈಭಾಷೆ ಕಲಿಸಲು ಅಕ್ಕನ ಶಾಲೆಯಿಂದ ಒಬ್ಬರು ಬರತೊಡಗಿದರು. ತಂಗಿ 'ನೀರು', 'ನೋವು', 'ಇಲ್ಲಿ', 'ಅಕ್ಕ' ಎನ್ನುವುದನ್ನು ಕಲಿತಳು. ಅಷ್ಟರಲ್ಲಿ ಅಕ್ಕ ಔಷಧಿಯ ಮಂಪರಿನಲ್ಲಿ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದಳು. ಎಚ್ಚರವಾದಾಗ ತಂಗಿ ಕೈಯಾಡಿಸಿದರೆ ಕಣ್ಣು ಅದರ ಮೇಲೆ ಸ್ವಲ್ಪ ಹೊತ್ತು ನಿಂತು ಬೇರೆಡೆಗೆ ಹೋಗುತ್ತಿತ್ತು. ಸದ್ದಿನ ವಿಷಯ ತಂಗಿ ಮತ್ತೆ ಎತ್ತಲಿಲ್ಲ. ಒಂದು ಮಧ್ಯಾಹ್ನ, ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಾಗ, ಕುತ್ತಿಗೆಯ ತೂತಿನಿಂದ ಬರುತ್ತಿದ್ದ ಬುಸುಬುಸು ನಿಂತಿತು. ಅವಳು ತಿರುಗಿ ನೋಡಿ, ಇನ್ನೂ ಮಡಚದೆ ಉಳಿದಿದ್ದ ದಿಂಬಿನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನಿಂತೇ ಇದ್ದಳು.

ಕೆಲವು ತಿಂಗಳ ಮೇಲೆ ಅಕ್ಕನ ಎರಡು ಕೋಣೆ ಮಾರಬೇಕಾಯಿತು. ಬೇರೆ ಯಾರಿಗಾದರೂ ಒಪ್ಪಿಸು ಎಂದ ಗಂಡ, ತಂಗಿ ಒಪ್ಪಲಿಲ್ಲ. ಒಂದು ಜೋಡಿ ನೋಡಲು ಬಂತು, ಹೊಸದಾಗಿ ಮದುವೆಯಾದವರು. ತಂಗಿ ಅವರಿಗೆ ನಲ್ಲಿ ಬಿಟ್ಟು ನೀರಿನ ರಭಸ ತೋರಿಸಿದಳು, ಬೆಳಗಿನ ಬಿಸಿಲು ಅಡುಗೆ ಕಟ್ಟೆಯವರೆಗೆ ಬರುತ್ತದೆ ಎಂದಳು, ಗೋಡೆಯ ತೇವದ ಕಲೆ ಹಳೆಯದು, ರಿಪೇರಿಯಾಗಿದೆ ಎಂದಳು. ಮಾತು ತಾನಾಗಿಯೇ ಬರುತ್ತಿತ್ತು, ಮೊದಲಿನಷ್ಟೇ ಸಲೀಸಾಗಿ.

"ಮುಂಚೆ ಯಾರಿದ್ರು ಇಲ್ಲಿ?" ಎಂದು ಹುಡುಗಿ ಕೇಳಿದಳು.

"ಒಬ್ರು ಟೀಚರಿದ್ರು. ಒಬ್ರೇ" ಎಂದಳು ತಂಗಿ. "ಮನೇನ ತುಂಬಾ ಚೆನ್ನಾಗಿಟ್ಕೊಂಡಿದ್ರು."

ಅವರಿಗೆ ಮನೆ ಹಿಡಿಸಿತು. ಗಂಡಹೆಂಡತಿ ಕಿಟಕಿಯ ಹತ್ತಿರ ಹೋಗಿ, ಮಂಚ ಎಲ್ಲಿ ಹಾಕುವುದು ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟತೊಡಗಿದರು. ತಂಗಿ ಬಾಗಿಲ ಹತ್ತಿರ ನಿಂತು ಕಾದಳು. ಫೋನು ಬಡಿಯಿತು. ವಕೀಲರ ಹೆಂಡತಿ: ಶನಿವಾರ ಹೊಸ ಪ್ರದರ್ಶನ, ತಪ್ಪಿಸಬಾರದು, ಎಷ್ಟು ದಿನ ಹೀಗೆ ಮನೆಯಲ್ಲೇ ಕೂತಿರುತ್ತೀ ಎಂದು.

"ಬರ್ತೀನಿ" ಎಂದಳು ತಂಗಿ. "ಎಷ್ಟು ಹೊತ್ತಿಗೆ?"